ಅಕ್ಕನ ಕುರ್ಚಿಯಲ್ಲಿ

"ಇಂವ ನಮ್ಮ ಮನೀ ಸೂಲಗಿತ್ತಿ ನೋಡ್ರಿ," ಎಂದು ಉದಯಕುಮಾರ ಥಿಯೇಟರಿನಲ್ಲಿ ಕೋಟು ಬಿಚ್ಚಿ ಕೊಡುವ ಕಟ್ಟೆಯ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೇಳುವಾಗ ಹೆಂಡತಿಯ ತಮ್ಮ ದುಂಡಪ್ಪನ ಬೆನ್ನ ಮೇಲೆ ಅವನ ಕೈಯಿತ್ತು, ಸಂತೆಗೆ ಹೊಡೆದುಕೊಂಡು ಬಂದ ಹೋರಿಯನ್ನು ತಟ್ಟಿ ತೋರಿಸುವ ಹಾಗೆ. ಯತಿರಾಜ್ ನಕ್ಕ. ಅವನ ಹೆಂಡತಿ ನಿಶ್ಚಿತಾ ನಗಬೇಕೋ ಬೇಡವೋ ತಿಳಿಯದೆ ತನ್ನ ಶಾಲಿನ ಅಂಚನ್ನು ನೋಡಿಕೊಂಡಳು. ಉದಯಕುಮಾರನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಅವನ ಕಚೇರಿಯ ಫ್ರಾವ್ ಲೆಮ್ಕೆ ಎಂಬ ಬೆಳ್ಳಿಗೂದಲಿನ ಹೆಂಗಸೂ ಆಟ ನೋಡಲು ಬಂದಿದ್ದಳು. ಪಕ್ಕದಲ್ಲೇ ನಿಂತಿದ್ದ ಅವಳಿಗೂ ತಿಳಿಯಲಿ ಎಂದು ಅದನ್ನೇ ಜರ್ಮನ್‌ನಲ್ಲಿ ಹೇಳಿದ. ಆಕೆ ನಗಲಿಲ್ಲ. ಕೈಗವಸು ಕಳಚಿ, ದುಂಡಪ್ಪನ ಕೈ ಹಿಡಿದು ಕುಲುಕಿ, ಏನೋ ನಿಧಾನವಾಗಿ ಹೇಳಿದಳು. ಯತಿರಾಜ್ ಅದನ್ನು ಕನ್ನಡಕ್ಕೆ ತಂದ: "ತುಂಬಾ ಒಳ್ಳೇ ಕೆಲಸವಂತೆ ಕಣಪ್ಪಾ. ಅವರಜ್ಜೀನೂ ಅದೇ ಮಾಡ್ತಿದ್ರಂತೆ." ಆಗ ಎರಡನೆಯ ಸಲ ನಗು ಎದ್ದಿತು, ಮೊದಲಿನದಕ್ಕಿಂತ ಜೋರಾಗಿ. ಆಕೆ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು. ದುಂಡಪ್ಪನಿಗೆ ನಕ್ಕವರ ಮೇಲಿದ್ದ ಸಿಟ್ಟಿಗಿಂತ ನಗದೆ ನಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಮರ್ಯಾದೆ ಕೊಟ್ಟವಳು ಅವಳೊಬ್ಬಳೇ, ಆದರೆ ಅದರಿಂದಲೇ ಮರ್ಯಾದೆ ಪೂರ್ತಿ ಹೋಗಿತ್ತು.

ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಬೆಳಿಗ್ಗೆ ಕೂಸಿನ ನೆತ್ತಿಗೆ ಎಣ್ಣೆ ಇಟ್ಟ ಕೈ. ಎಷ್ಟು ತೊಳೆದರೂ ಬಜೆಯ ವಾಸನೆ ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತಿತ್ತು. ಅಕ್ಕನ ಬಾಣಂತನಕ್ಕೆ ಜರ್ಮನಿಯ ಈ ವೋಲ್ಫ್ಸ್‌ಬುರ್ಗಿಗೆ ಬರಬೇಕಾಗಿದ್ದವಳು ಅವ್ವ. ಬಾಣಂತಿಯ ಉಂಡೆಗೆಂದು ಅಳವಿ, ಉತ್ತತ್ತಿ, ಅಂಟು, ಒಣಕೊಬ್ಬರಿ ಎಲ್ಲ ಕಟ್ಟಿಟ್ಟುಕೊಂಡು, ವಿಮಾನದಲ್ಲಿ ಉಡುವ ಸೀರೆಯನ್ನೂ ಬೇರೆ ತೆಗೆದಿಟ್ಟ ಮೇಲೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಮನೆಯಲ್ಲಿ ಪಾಸ್‌ಪೋರ್ಟು ಇದ್ದವನು ಇವನೊಬ್ಬನೇ. ದುಬೈಗೆ ಕಳಿಸುತ್ತೇನೆಂದು ಆಸೆ ಹಚ್ಚಿದ ಏಜೆಂಟನೊಬ್ಬ ಮಾಯವಾದ ಮೇಲೆ ಅದು ಟ್ರಂಕಿನ ತಳದಲ್ಲಿ ಬಿದ್ದಿತ್ತು. ಒಂಬತ್ತನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಗದಗಿನ ಸ್ಟೇಶನ್ ಹತ್ತಿರದ ಖಾನಾವಳಿ ಸೇರಿದ್ದ ಹುಡುಗ, ರೊಟ್ಟಿ ಪಲ್ಯ ಬರುತ್ತದೆ, ಅಕ್ಕನಿಗೆ ಬಿಸಿಯಾಗಿ ಬೇಯಿಸಿ ಹಾಕಿದರೆ ಸಾಕು ಎಂದು ಎಲ್ಲರೂ ಸೇರಿ ಕಳಿಸಿದರು. ಬಂದ ಮೇಲೆ ಬೇಯಿಸಿ ಹಾಕುವುದರಲ್ಲಿ ಮುಗಿಯಲಿಲ್ಲ. ಅವ್ವ ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಹೇಳುತ್ತಿದ್ದಳು, ಇವನು ಇಲ್ಲಿ ಮಾಡುತ್ತಿದ್ದ. ಲುಂಗಿ ಎತ್ತಿ ಕಟ್ಟಿ, ಬಚ್ಚಲಲ್ಲಿ ಕಾಲು ಚಾಚಿ ಕೂತು, ಅವುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ನೀರೆರೆದ. ಲೋಬಾನದ ಹೊಗೆ ಹಿಡಿದ. ಕುಂಚಿಗೆ ಕಟ್ಟಿದ. ಕೂಸು ಸಂಜೆ ಚಿಟ್ಟನೆ ಚೀರಿದರೆ ಅದರ ಮುಖದ ಮುಂದಿನಿಂದ ಎರಡೂ ಕೈ ಇಳಿಸಿ, ತನ್ನ ಕಿವಿಯ ಪಕ್ಕಕ್ಕೆ ಒತ್ತಿ, ಬೆರಳಿನ ನೆಟಿಗೆ ಮುರಿದು ದೃಷ್ಟಿ ತೆಗೆದ. ಮೊದಲ ದಿನ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ನಗಲಿಲ್ಲ. ಆಮೇಲೆ ಅಳತೊಡಗಿದಳು, ಕಾರಣವಿಲ್ಲದೆ, ಕಿಟಕಿಯ ಹೊರಗೆ ಕಾರ್ಖಾನೆಯ ಕೊಳವೆಗಳ ಕಡೆ ನೋಡುತ್ತ, ನೀನು ಹೋದ ಮೇಲೆ ನಾನು ಇಲ್ಲಿ ಗೋಡೆಗಳ ಸಂಗಡ ಮಾತಾಡಬೇಕು ದುಂಡೂ ಎಂದು.

ಅಕ್ಕ ಅತ್ತಾಗ ಅವನಿಗೆ ಒಳಗೆಲ್ಲೋ ಹಿತವೆನಿಸುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವ್ವ ಬಿದ್ದ ಸುದ್ದಿ ಬಂದ ಹೊತ್ತಿನಲ್ಲೂ, ಅವಳನ್ನು ಟೆಂಪೋದಲ್ಲಿ ಮಲಗಿಸಿ ದವಾಖಾನೆಗೆ ಒಯ್ಯುವಾಗ ಅವಳು ನರಳುತ್ತಿದ್ದರೆ, ಅವನ ಎದೆಯಲ್ಲಿ ಟ್ರಂಕಿನ ಮುಚ್ಚಳವೊಂದು ತಾನಾಗಿ ತೆರೆದುಕೊಂಡಿತ್ತು. ಯಾರಾದರೂ ಬಿದ್ದರೆ, ಯಾರಾದರೂ ಅತ್ತರೆ ಮಾತ್ರ ತನಗೊಂದು ಜಾಗ. ಹಾಗಂತ ಗೊತ್ತಿದ್ದೂ ಅಕ್ಕನ ಕಣ್ಣೀರನ್ನು ಅವನು ದಿನಾ ಕಾಯುತ್ತಿದ್ದ, ಆಕೆ ಒಂದು ದಿನ ಗೆಲುವಾಗಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಯತಿರಾಜ್ ಮೈಸೂರಿನವನು. ಜರ್ಮನಿಯೇ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದವನು, ಈಗ ಸ್ನೇಹಿತನೊಬ್ಬನ ಜೊತೆ ಸೇರಿ ಮುಚ್ಚಿಹೋದ ಪಿಜ್ಜಾ ಅಂಗಡಿಯೊಂದನ್ನು ಹಿಡಿದು ಇಂಡಿಯನ್ ರೆಸ್ಟೋರೆಂಟ್ ತೆಗೆಯುವವನಿದ್ದ. ಅವನಿಗೆ ಅಡುಗೆಯವನೊಬ್ಬ ಬೇಕಿತ್ತು. ಸಾಫ್ಟ್‌ವೇರಿನವರಿಗೆ ಕೊಡುವ ಹಾಗೆ ಅಡುಗೆಯವನಿಗೂ ಈ ದೇಶ ವೀಸಾ ಕೊಡುತ್ತಿತ್ತು. ದುಂಡಪ್ಪ ಈಗ ಊರಿಗೆ ಹೋಗಿ, ಕಾಗದಪತ್ರ ಆದ ಮೇಲೆ ಹಿಂದಿರುಗಬೇಕು. ಮಾತು ಮುಗಿಸಿಬಿಡೋಣ ಎಂದೇ ಯತಿರಾಜ್ ಈ ಭಾನುವಾರದ ಮಧ್ಯಾಹ್ನ ಎಲ್ಲರಿಗೂ ಟಿಕೀಟು ತೆಗೆಸಿದ್ದ, ಸ್ಪೇನಿನಿಂದ ಬಂದ ಫ್ಲಮೆಂಕೊ ಕುಣಿತದ ಮೇಳದ ಆಟಕ್ಕೆ. ದುಂಡಪ್ಪ ಕೂರಬೇಕಾದ ಕುರ್ಚಿ ಅಕ್ಕನ ಹೆಸರಿನದು. ಬಾಣಂತಿ ಈ ಥಂಡಿಗೆ ಹೊಸ್ತಿಲು ದಾಟುವಂತಿಲ್ಲ ಎಂದು ಅವ್ವ ಫೋನಿನಲ್ಲಿ ಗುಡುಗಿದ್ದಳು. ಹೊರಡುವಾಗ ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು, "ಹ್ಞೂಂ ಅಂದು ಬಾ. ಅಷ್ಟ. ಬ್ಯಾರೆ ಏನೂ ಮಾತಾಡಬ್ಯಾಡ, ನಿನ್ನ ಬಾಯಿ ನನಗ ಗೊತ್ತೈತಿ," ಎಂದಿದ್ದಳು.

ಅವನಿಗೂ ಆ ಕೆಲಸ ಬೇಕಿತ್ತು. ಬೇಡವೆಂದರೆ ಸುಳ್ಳಾಗುತ್ತದೆ. ಹಗಲು ಕೂಸಿನ ಬಟ್ಟೆ ಹಿಂಡುವಾಗ ಅವನು ಆ ಕಾಣದ ಅಡುಗೆಮನೆಯಲ್ಲಿ ಓಡಾಡುತ್ತಿದ್ದ. ಒಲೆ ಎಲ್ಲಿ, ಕಡಾಯಿ ಎಲ್ಲಿ, ಹಿಟ್ಟಿನ ಡಬ್ಬಿ ಯಾವ ಎತ್ತರದಲ್ಲಿ ಎಂದು ಇಟ್ಟು ತೆಗೆದು ಮಾಡುತ್ತಿದ್ದ. ಖಾನಾವಳಿಯ ಮಾಲಕ ಮಹಾಲಿಂಗಪ್ಪ ಒಂದು ದಿನ ಜರ್ಮನಿಯ ಸ್ಟಾಂಪು ಹಚ್ಚಿದ ಪಾಕೀಟು ಒಡೆದು ಗಿರಾಕಿಗಳಿಗೆಲ್ಲ ತೋರಿಸುವುದನ್ನು ನೆನೆದು ಒಬ್ಬನೇ ನಗುತ್ತಿದ್ದ. ಬೇಕಾಗಿದ್ದರಿಂದಲೇ ಸೂಲಗಿತ್ತಿ ಎನಿಸಿಕೊಂಡೂ ಬಾಯಿ ಮುಚ್ಚಿಕೊಂಡಿದ್ದ.

ಒಳಗೆ ದೀಪ ಆರುವ ತನಕ ಯತಿರಾಜ್ ಬಾಯಿ ಆರಲಿಲ್ಲ. "ಇದು ಆ್ಯಕ್ಚುಲಿ ನಮ್ಮದೇ ಕಣ್ರಿ. ರಾಜಸ್ಥಾನದಿಂದ ಹೋದ ಜನ. ಫುಟ್‌ವರ್ಕ್ ನೋಡ್ತಿರಿ, ಪಕ್ಕಾ ಕಥಕ್." ಉದಯಕುಮಾರ ಹೌದೇನ್ರಿ, ಹೌದೇನ್ರಿ ಎಂದು ತಲೆಯಾಡಿಸುತ್ತಿದ್ದ. ದುಂಡಪ್ಪ ಅಕ್ಕನ ಕುರ್ಚಿಯಲ್ಲಿ ತುದಿಗೆ ಕೂತ. ಬೆನ್ನು ಆನಿಸಿದರೆ ಏನನ್ನೋ ಒಪ್ಪಿಕೊಂಡ ಹಾಗಾಗುತ್ತದೆ ಅನಿಸಿತು. ವೇದಿಕೆಯ ಮೇಲೆ ನಾಲ್ಕೈದು ಕುರ್ಚಿ, ಗಿಟಾರಿನವನು, ಗಂಟಲು ಕೆಟ್ಟ ಮುದುಕ ಹಾಡುಗಾರ, ಚಪ್ಪಾಳೆ ತಟ್ಟುವುದಕ್ಕೆಂದೇ ಕೂತ ಇಬ್ಬರು. ಬೇರೆ ತಾಳವಿರಲಿಲ್ಲ, ಅಂಗೈಗಳೇ. ಅಂಗೈಯನ್ನು ಕೊಂಚ ಗುಳಿ ಮಾಡಿ ತಟ್ಟಿದರೆ ಮಂದ ಸಪ್ಪಳ, ಚಪ್ಪಟೆ ಮಾಡಿದರೆ ಚುರುಕು. ಕಣ್ಣು ಮುಚ್ಚಿದರೆ ಅದು ಖಾನಾವಳಿಯ ಹಿಂದಿನ ಪಡಸಾಲೆಯಲ್ಲಿ ಸಾಲಾಗಿ ಕೂತು ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ. ಆ ಸಾಲಿನಲ್ಲಿ ಕೂತ ಒಬ್ಬನೇ ಗಂಡು ಅವನು. ಊಟಕ್ಕೆ ಬಂದವರು ಕೈ ತೊಳೆಯುವ ನೆಪದಲ್ಲಿ ಹಿಂದೆ ಬಂದು ಬಗ್ಗಿ ನೋಡಿ ಹೋಗುತ್ತಿದ್ದರು. ಒಬ್ಬ ದಿನಾ ಕೇಳುತ್ತಿದ್ದ, ಏನಪಾ, ಬಳಿ ಯಾವಾಗ ಇಡಿಸ್ಕೋತಿ. ಅವನ ತಾಟಿಗೆ ಇವನು ಬೇಕೆಂತಲೇ ತೆಳ್ಳನೆಯ ರೊಟ್ಟಿ ಕಳಿಸುತ್ತಿದ್ದ, ಎಲ್ಲರಿಗಿಂತ ತೆಳ್ಳಗೆ, ತಪ್ಪು ತೆಗೆಯಲು ಬರದ ಹಾಗೆ. ಸಿಟ್ಟನ್ನು ಹಾಗೆ ಬಡಿದು ಬಡಿದು ತೆಳ್ಳಗೆ ಮಾಡಬಹುದೆಂದು ಆಗ ಅಂದುಕೊಂಡಿದ್ದ. ಕೆಂಪು ಲಂಗದ ತರುಣಿಯೊಬ್ಬಳು ಬಂದು ಗಿರಕಿ ಹೊಡೆದು ಕೈಬೆರಳುಗಳನ್ನು ಹೂವಿನಂತೆ ಬಿಚ್ಚಿದಳು. ಯತಿರಾಜ್ ಕುರ್ಚಿಯಲ್ಲೇ ಮುಂದೆ ಜರುಗಿದ. ಚೆನ್ನಾಗಿತ್ತು. ದುಂಡಪ್ಪನ ಕಣ್ಣು ಅವಳನ್ನು ದಾಟಿ ಹಿಂದೆ ಕುರ್ಚಿಯೊಂದರಲ್ಲಿ ಮೊಣಕಾಲ ಮೇಲೆ ಮೊಣಕೈ ಊರಿ ಕೂತಿದ್ದ ದಪ್ಪ ಹೆಂಗಸಿನ ಮೇಲೆ ನಿಂತಿತ್ತು. ಕಪ್ಪು ಬಟ್ಟೆ, ಐವತ್ತರ ಮೇಲಿನ ವಯಸ್ಸು. ಅವಳು ಯಾರಿಗೋ ಕಾಯುತ್ತಿರುವವಳ ಹಾಗೆ ಕಾಣುತ್ತಿದ್ದಳು.

ನಡುವೆ ಬಿಡುವು ಬಂತು. ಉದ್ದನೆಯ ಗಾಜಿನ ಹಜಾರದಲ್ಲಿ ಎತ್ತರದ ಮೇಜುಗಳ ಸುತ್ತ ನಿಂತರು. ದುಂಡಪ್ಪನ ಎದೆಯ ಮಟ್ಟಕ್ಕೆ ಬರುವ ಮೇಜು, ಅದರ ಮೇಲಿನಿಂದ ಮಾತು ಅತ್ತಿತ್ತ ಹೋಗುತ್ತಿತ್ತು.

"ಕಿಚನ್ ಬೇಸ್‌ಮೆಂಟಲ್ಲಿದೆ ಉದಯ್, ಮೇಲೆ ಒಂದು ರೂಮ್ ಕೊಡ್ತೀವಿ. ಹುಡುಗ ಕುಡಿಯೋದು ಗಿಡಿಯೋದು ಏನಿಲ್ಲ ತಾನೆ?"

"ಏ ಏನೂ ಇಲ್ರೀ. ಹೇಳಿದ್ದು ಮಾಡ್ತಾನ. ತಲಿ ಒಂಚೂರು ಬಿಸಿ, ಅಷ್ಟ."

"ಬಿಸಿ ಇರ್ಲಿ ಬಿಡಿ, ಗ್ಯಾಸ್ ಉಳಿಯುತ್ತೆ." ಯತಿರಾಜ್ ತನ್ನ ಮಾತಿಗೆ ತಾನೇ ನಕ್ಕ. "ಬಟರ್ ಚಿಕನ್ ಬರುತ್ತಾ ಇವ್ನಿಗೆ? ಇಲ್ಲಿ ಅದಿಲ್ದೆ ಅಂಗಡಿ ನಡೆಯಲ್ಲ."

ಉದಯಕುಮಾರ ಅರೆಗಳಿಗೆ ತಡೆದ. ಮಹಾಲಿಂಗಪ್ಪನದು ಲಿಂಗಾಯತ ಖಾನಾವಳಿ. ಮನೆಯಲ್ಲೂ ಯಾರೂ ಮೊಟ್ಟೆಯನ್ನು ಕೂಡ ಮುಟ್ಟಿದವರಲ್ಲ. "ಕಲೀತಾನ್ರೀ," ಎಂದ, ದುಂಡಪ್ಪನ ಕಡೆ ನೋಡದೆ. "ಕೈ ತಾನಽ, ರೂಢಿ ಆಗ್ತೈತಿ."

ನಿಶ್ಚಿತಾ, "ಅವರನ್ನೇ ಕೇಳಿ. ನೀವೇನಂತೀರಾ?" ಎಂದು ದುಂಡಪ್ಪನತ್ತ ತಿರುಗಿದಳು. ಬಂದ ಮೇಲೆ ಅವನನ್ನು ನೀವು ಅಂದ ಮೊದಲನೆಯ ಕನ್ನಡದವಳು. ಅವನ ಗಂಟಲಿಗೆ ಒಮ್ಮೆಗೇ ಎಷ್ಟೋ ಮಾತು ಬಂದು ಒಂದನ್ನೊಂದು ದಬ್ಬಾಡಿ ಯಾವುದೂ ಹೊರಬೀಳಲಿಲ್ಲ.

"ಅವಂದೇನ್ರೀ ತಂಗೀ," ಎಂದ ಉದಯಕುಮಾರ, "ನಾ ಅಂದದ್ದಽ ಅವಂದು." ಅಷ್ಟರಲ್ಲಿ ಗಂಟೆ ಬಾರಿಸಿತು.

ಅಕ್ಕನ ಗಂಡ, ಮಾಮಾ, ಯಾಕೆ ಹೀಗೆ ಆಡುತ್ತಾನೆಂದು ದುಂಡಪ್ಪನಿಗೆ ಗೊತ್ತಿತ್ತು. ಬಾಣಂತಿಯ ಬೆನ್ನಿಗೆ ಕಾವು ಬೇಕು ಎಂದು ಅವ್ವ ಹಟ ಹಿಡಿದಾಗ ದುಂಡಪ್ಪ ಅಂಗಡಿಯಿಂದ ಮಾಂಸ ಸುಡುವ ಇದ್ದಲಿನ ಚೀಲ ತಂದು, ಬಾಲ್ಕನಿಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿ, ಅಕ್ಕನ ಮಂಚದ ಕೆಳಗೆ ಸರಿಸಿದ್ದ. ಹೊಗೆ ಕೆಳಗಿನ ಮನೆಗೂ ಹೋಗಿರಬೇಕು. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಮೇಲೆ ಬಂದು, ಬಾಗಿಲಲ್ಲಿ ನಿಂತು, ಮಂಚದ ಮೇಲಿನ ಹೆಂಗಸನ್ನೂ ಕೆಳಗಿನ ಬೆಂಕಿಯನ್ನೂ ಲುಂಗಿಯ ಗಂಡಸನ್ನೂ ನೋಡಿ, ಏನನ್ನೂ ಕೇಳದೆ, ಕೆಲಸದಿಂದ ಬಂದ ಉದಯಕುಮಾರನನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಬೈದ. ಮಾಮಾ ಕ್ಷಮಿಸಿ, ಕ್ಷಮಿಸಿ ಎನ್ನುತ್ತ ನಿಂತದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಟೈ ಕಟ್ಟಿದ, ಕಾರಿನ ಬಾಗಿಲು ಎಷ್ಟು ಮಿದುವಾಗಿ ಮುಚ್ಚಬೇಕೆಂದು ಲೆಕ್ಕ ಹಾಕುವ ಇಂಜಿನಿಯರ. ಒಳಗೆ ಬಂದವನು ಹೆಂಡತಿಯ ಕಡೆ ನೋಡಲಾರದೆ, ಕೂಸಿನ ಕಡೆಯೂ ನೋಡಲಾರದೆ, ಕುಕ್ಕರಿನಲ್ಲಿದ್ದ ಅನ್ನವನ್ನು ನಿಂತೇ ಉಂಡ. ಮರುದಿನದಿಂದ ಸೂಲಗಿತ್ತಿ ಶುರುವಾಯಿತು. ತನ್ನ ಮನೆಯಲ್ಲಿ ತನಗೇ ಕೆಲಸವಿಲ್ಲದ ಗಂಡಸಿನ ಸಿಟ್ಟು ಅದು. ಇದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾದದ್ದರಿಂದ ತನ್ನ ಸಿಟ್ಟು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ ಎಂಬುದೇ ಅವನಿಗೆ ಆಶ್ಚರ್ಯವಾಗಿತ್ತು.

ದೀಪ ಆರಿದ ಮೇಲೆ ಕಪ್ಪು ಬಟ್ಟೆಯ ಹೆಂಗಸು ಎದ್ದಳು. ಎದ್ದ ರೀತಿಯಲ್ಲಿ ಕುಣಿತವಿರಲಿಲ್ಲ. ಮಂಡಿ ನೋವಿರುವವರು ಏಳುವ ಹಾಗೆ ತೊಡೆಗೆ ಕೈ ಕೊಟ್ಟು ಎದ್ದಳು. ಮುದುಕ ಒಂದೇ ಶಬ್ದ ಹಿಡಿದು ಅದನ್ನು ಹರಿಯತೊಡಗಿದ. ಅವಳು ಕೇಳುತ್ತ ನಿಂತಳು, ಎಷ್ಟೋ ಹೊತ್ತು, ಜನ ಕೆಮ್ಮುವಷ್ಟು ಹೊತ್ತು. ಆಮೇಲೆ ಒಂದು ಹಿಮ್ಮಡಿ ಬಿತ್ತು. ಇನ್ನೊಂದು. ಹಲಗೆಯ ಮೇಲೆ ಬಿದ್ದ ಹೆಜ್ಜೆ ಕುರ್ಚಿಯ ಕಾಲಿನ ಮೂಲಕ ಹತ್ತಿ ದುಂಡಪ್ಪನ ಬೆನ್ನಿಗೆ ಬಂತು. ಅವಳ ದವಡೆ ಬಿಗಿದಿತ್ತು, ಕತ್ತಿನ ನರ ಎದ್ದಿತ್ತು, ಕೂದಲು ಕಳಚಿ ಒಂದು ಕಡೆ ಜೋತಿತ್ತು. ಚೆಂದ ಕಾಣಬೇಕೆಂಬ ಹಂಗೇ ಇಲ್ಲದ ಆ ಮುಖವನ್ನು ನೋಡಿ ಮೊದಲು ಅವನಿಗೆ ಮೈಮೇಲೆ ಬಂದಿದೆ ಅನಿಸಿತು. ಅಲ್ಲ. ಮೈಮೇಲೆ ಬಂದವರಿಗೆ ತಮ್ಮ ಅರಿವಿರುವುದಿಲ್ಲ, ಆಮೇಲೆ ನೀರು ಕುಡಿಸಿದರೆ ನಾನೇನು ಮಾಡಿದೆ ಎಂದು ಕೇಳುತ್ತಾರೆ. ಇವಳಿಗೆ ಪ್ರತಿ ಹೆಜ್ಜೆಯ ಅರಿವಿತ್ತು. ಇವಳು ಸಿಟ್ಟಾಗಿದ್ದಳು, ಸಿಟ್ಟನ್ನು ಕೈಯಲ್ಲಿ ಹಿಡಿದು ಇಷ್ಟು ಈಗ, ಇಷ್ಟು ಆಮೇಲೆ ಎಂದು ಇಳಿಸುತ್ತಿದ್ದಳು, ಯಾರ ಮೇಲೆಂದು ಹೇಳುವ ಗರಜೂ ಇರಲಿಲ್ಲ. ಒಂದು ಕಡೆ ಎಲ್ಲ ನಿಂತಿತು. ಗಿಟಾರು ನಿಂತಿತು, ಅಂಗೈಗಳು ನಿಂತವು. ಮುಗಿಯಿತೆಂದು ತಿಳಿದು ಸಭೆ ಚಪ್ಪಾಳೆಗೆ ಕೈಯೆತ್ತಿತು. ಅವಳು ಮುಗಿಸಿರಲಿಲ್ಲ, ಬೆನ್ನು ತಿರುಗಿಸಿ, ಜನ ಇದ್ದಾರೆಂಬುದನ್ನೇ ಮರೆತು, ಹಿಂದಿನ ಗೋಡೆಯ ಕಡೆಗೆ ನಾಲ್ಕು ಹೆಜ್ಜೆ ಸುಮ್ಮನೆ ನಡೆದಳು. ಆ ಬೆನ್ನು ನೋಡಿ ದುಂಡಪ್ಪನ ಕಣ್ಣು ಉರಿದವು. ಹ್ಞೂಂ ಎನ್ನಲು ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದ ಏನೋ ಒಂದು ಸಡಿಲವಾಗಿ ಕೆಳಗೆ ಇಳಿಯಿತು. ಅದು ದುಃಖವಲ್ಲ, ಹೊರೆ ಇಳಿಸಿದ ಮೇಲೆ ಕತ್ತಿಗೆ ಆಗುವ ನೋವು. ಕೋಳಿ ಮುಟ್ಟುವುದು ಬಿಡುವುದು ಆಮೇಲಿನ ಮಾತು, ತಾನು ಬೇಕೆಂದರೆ ಮುಟ್ಟಿಯಾನು. ನಾ ಅಂದದ್ದೇ ಅವಂದು ಎಂದವನ ಬಾಯಿಂದ ಬಂದ ಕೆಲಸ ಮಾತ್ರ ಬೇಡ. ಹಾಗೆಂದುಕೊಂಡ ಕೂಡಲೇ ಅಕ್ಕನ ಮುಖ ಬಂತು. ಅದನ್ನು ಅವನು ಪಕ್ಕಕ್ಕೆ ಸರಿಸಲಿಲ್ಲ. ನೋಡುತ್ತ ಕೂತ.

ಆಟ ಮುಗಿದು ಹಜಾರಕ್ಕೆ ಬಂದಾಗ ಮೇಳದವರೂ ಹೊರಬಂದಿದ್ದರು. ಕೆಂಪು ಲಂಗದ ತರುಣಿಯ ಸುತ್ತ ಜನ ನೆರೆದಿತ್ತು. ಯತಿರಾಜ್ ಕ್ಯಾಮೆರಾವನ್ನು ನಿಶ್ಚಿತಾಳ ಕೈಗೆ ಕೊಟ್ಟು ತರುಣಿಯ ಪಕ್ಕ ಹೋಗಿ ನಿಂತು ಫೋಟೊ ತೆಗೆಸಿಕೊಂಡು ಬಂದ. ಕಪ್ಪು ಬಟ್ಟೆಯವಳು ಕಂಬವೊಂದರ ಹತ್ತಿರ ಕೊರಳಿಗೆ ಟವೆಲ್ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಫ್ರಾವ್ ಲೆಮ್ಕೆ ಅವಳ ಮುಂದೆ ನಿಂತು ಏನೋ ಹೊಗಳಿ, ಜರುಗಿ, ದುಂಡಪ್ಪನಿಗೆ ಜಾಗ ಬಿಟ್ಟಳು. ಅವನು ಯಾಕೆ ಅಲ್ಲಿಗೆ ಹೋದನೋ ಅವನಿಗೇ ತಿಳಿದಿರಲಿಲ್ಲ. ಹೇಳುವ ಭಾಷೆ ಇರಲಿಲ್ಲ, ಕುಲುಕಲು ಕೈ ಚಾಚುವ ರೂಢಿಯೂ ಇರಲಿಲ್ಲ. ಹತ್ತಿರದಿಂದ ಅವಳ ಮುಖ ಬೆವರಿನಿಂದ ಹೊಳೆಯುತ್ತಿತ್ತು, ಕಣ್ಣ ಕೆಳಗೆ ಕಾಡಿಗೆ ಕದಡಿತ್ತು, ಇಷ್ಟು ಜನ ಇಷ್ಟು ಹೊತ್ತು ನೋಡಿದ ಮುಖ. ಅವನ ಕೈಗಳು ಮೇಲೆದ್ದವು. ಅವಳ ಹಣೆಯ ಮುಂದಿನಿಂದ, ಮುಟ್ಟದೆ, ಗದ್ದದ ತನಕ ಇಳಿದು, ಮಡಚಿ, ಅವನ ಕಿವಿಗಳ ಪಕ್ಕಕ್ಕೆ ಒತ್ತಿಕೊಂಡವು. ಹತ್ತೂ ಬೆರಳಿನ ನೆಟಿಗೆ ಲಟಲಟನೆ ಮುರಿದವು.

ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ನೀರಿನ ಬಾಟಲಿ ಎದೆಗೆ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೈಗುಳವೇ, ಹಾರೈಕೆಯೇ ಎಂದು ತೂಗುತ್ತಿದ್ದಳೇನೋ. ಆಮೇಲೆ ಟವೆಲಿನ ತುದಿಯಿಂದ ಬಾಯಿ ಒರೆಸಿಕೊಂಡು, ಸಣ್ಣಗೆ ತಲೆಯಾಡಿಸಿ, ಅವನ ಹಿಂದೆ ನಿಂತಿದ್ದ ಮುಂದಿನವರ ಕಡೆ ತಿರುಗಿದಳು. ಅಷ್ಟೇ. ಅವನು ಅದಕ್ಕಿಂತ ಹೆಚ್ಚು ಏನನ್ನೂ ಬಯಸಿರಲಿಲ್ಲ.

ಉದಯಕುಮಾರ ಅವನ ರಟ್ಟೆ ಹಿಡಿದು ಎಳೆದ. ಮುಖ ಕಪ್ಪಿಟ್ಟಿತ್ತು. "ಹೆಂಗಸರಂಗ ದೃಷ್ಟಿ ತಗೀತಿಯಲ್ಲೋ, ನಾಚಿಗಿ ಅನ್ನೂದು ಐತೋ ಇಲ್ಲೋ ನಿನಗ? ಆಫೀಸಿನವರು ನಿಂತಾರ ಇಲ್ಲಿ."

"ಹೆಂಗಸರಂಗಽ ತಗದೆ," ಎಂದ ದುಂಡಪ್ಪ. "ಗಂಡಸರಂಗ ತಗಿಯೂದು ನನಗ ಯಾರೂ ಕಲಿಸಿಲ್ಲ."

"ಏನ್ ಗುರು, ಲೈವ್ ಡೆಮೋನಾ?" ಯತಿರಾಜ್ ಹತ್ತಿರ ಬಂದು ಅವನ ಹೆಗಲಿಗೆ ಕೈ ಹಾಕಿದ. ಅವನಿಗೆ ನಿಜವಾಗಿಯೂ ಖುಷಿಯಾದ ಹಾಗಿತ್ತು, ನಾಳೆ ಆಫೀಸಿನಲ್ಲಿ ಹೇಳಲು ಒಂದು ಸಿಕ್ಕಿತ್ತು. "ಉದಯ್, ಬಯ್ಬೇಡಿ ಬಿಡಿ. ನಂಗೆ ಹುಡುಗ ಓಕೆ. ಒಂದೇ ಕಂಡೀಷನ್. ಕಸ್ಟಮರ್ಸ್ ಮುಂದೆ ಬರೋ ಹಾಗಿಲ್ಲ, ಕೆಳಗಡೇನೇ ಇರ್ಬೇಕು."

"ಬರಾಂಗಿಲ್ರೀ. ಅದನ್ನ ನಾ ನೋಡ್ಕೋತೀನಿ," ಎಂದ ಉದಯಕುಮಾರ. ದನಿಯಲ್ಲಿ ಒಮ್ಮೆಗೇ ಹಗುರ ಬಂದಿತ್ತು. ರಟ್ಟೆ ಬಿಟ್ಟು, ಕಾಲರ್ ಸರಿ ಮಾಡುವವನ ಹಾಗೆ ದುಂಡಪ್ಪನ ಕುತ್ತಿಗೆಯ ಹತ್ತಿರ ಕೈ ತಂದ. "ಹ್ಞೂಂ ಅನ್ನಲೇ ದುಂಡ್ಯಾ. ಅವರು ಕೇಳಾಕತ್ತಾರ."

ಯಾರೂ ಕೇಳುತ್ತಿರಲಿಲ್ಲ. ಆದರೂ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ನಿಶ್ಚಿತಾ ಕೂಡ, ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು. ಉತ್ತರ ಅವನ ಹತ್ತಿರವಿತ್ತು, ಗಂಟಲಲ್ಲಿ ಯಾವ ನೂಕುನುಗ್ಗಲೂ ಇಲ್ಲದೆ, ಬೇಡ ಎಂಬ ಒಂದೇ ಮಾತಾಗಿ. ಅದು ಇವರಿಗೆ ಹೇಳುವ ಮಾತಲ್ಲ. ಮನೆಯಲ್ಲಿ ಅಕ್ಕ ಕೂಸಿಗೆ ಹಾಲು ಕೊಟ್ಟು ಬಾಗಿಲ ಕಡೆ ಕಿವಿಯಿಟ್ಟು ಕೂತಿರುತ್ತಾಳೆ, ಅವಳ ಎದುರು ಕೂತು ಹೇಳಬೇಕು. ಅವಳು ಅಳುತ್ತಾಳೆ. ಈ ಸಲ ಅವಳು ಅಳುವುದು ತನಗೆ ಹಿತವಾಗುವುದಿಲ್ಲ. ಹಿತವಾಗದಿದ್ದರೂ ಎದ್ದು ಹೋಗದೆ, ಅವಳು ಮುಗಿಸುವ ತನಕ ಕೂತಿರಬೇಕು.

"ಏನಪ್ಪಾ?" ಎಂದ ಯತಿರಾಜ್.

ದುಂಡಪ್ಪ ಮಾಮಾನ ಕೈಯನ್ನು ತನ್ನ ಕುತ್ತಿಗೆಯ ಹತ್ತಿರದಿಂದ ಮೆಲ್ಲಗೆ ಕೆಳಗಿಳಿಸಿದ. ಸಾಲಿನಲ್ಲಿ ನಿಂತು ತನ್ನ ಕೋಟು ಇಸಿದುಕೊಂಡ, ಒಂದೊಂದೇ ಗುಂಡಿ ಹಾಕಿಕೊಂಡ. ಹಿಂದಿನಿಂದ ತನ್ನ ಹೆಸರನ್ನು ಒಮ್ಮೆ ದುಂಡ್ಯಾ ಎಂದೂ, ಇನ್ನೊಮ್ಮೆ, ಜನರಿಗೆ ಕೇಳಲೆಂದು, ದುಂಡಪ್ಪಾ ಎಂದೂ ಕರೆದದ್ದು ಕೇಳಿತು. ಗಾಜಿನ ಬಾಗಿಲನ್ನು ತಳ್ಳಿದ. ಹೊರಗೆ ಇನ್ನೂ ಬೆಳಕಿತ್ತು, ಕಡ್ಡಿಯಂತೆ ಚುಚ್ಚುವ ಥಂಡಿಯಿತ್ತು. ಬಸ್ಸು ನಿಲ್ಲುವ ಕಡೆಗೆ ಹೋಗುವ ಇಳಿಜಾರಿನಲ್ಲಿ ಅವನು ಓಡಲಿಲ್ಲ, ತಿರುಗಿ ನೋಡಲಿಲ್ಲ, ನಡೆದ.